ಬೀದಿಯ ಕೋಲಾಹಲವೂ ತರಗತಿಯ ವ್ಯಾಖ್ಯಾನವೂ

ಶಾಲೆಯ ಪ್ರಾಕಾರವು ಎಷ್ಟೇ ಎತ್ತರವಾಗಿದ್ದರೂ ಬೀದಿಯ ಕೂಗು ತರಗತಿಯೊಳಗೆ ಕೇಳಿಸದೆ ಇರದು. ಬಂದ್ ಎಂದು ಸಾರಿದ ದಿನ ಶಾಲೆಗೆ ರಜೆ. ಮರುದಿನ ಮಕ್ಕಳು ಬಂದಾಗ ಅವರ ಬಾಯಲ್ಲಿ ಪಾಠದ ಮಾತಿರುವುದಿಲ್ಲ. ಯಾರು ಕಲ್ಲು ತೂರಿದರು, ಎಷ್ಟು ಬಸ್ಸುಗಳು ಉರಿದವು, ಪೊಲೀಸರು ಯಾರನ್ನು ಎಳೆದೊಯ್ದರು ಎಂಬ ಮಾತೇ ಇರುತ್ತದೆ. ಆಗ ಉಪಾಧ್ಯಾಯರು ಬಹುಮಟ್ಟಿಗೆ “ಅದೆಲ್ಲ ನಿಮಗೇಕೆ, ಪುಸ್ತಕ ತೆಗೆಯಿರಿ” ಎಂದುಬಿಡುತ್ತಾರೆ. ಪೋಷಕರಿಗೂ ಆಡಳಿತ ಮಂಡಲಿಗೂ ಅದೇ ಕ್ಷೇಮವೆಂದು ತೋರುತ್ತದೆ. ಆದರೆ ಗುರುವು ಹೇಳದೆ ಬಿಟ್ಟ ಪಾಠವನ್ನು ಹೇಳಲು ಬೇರೆಯವರು ಕಾದಿರುತ್ತಾರೆ. ಹಿಂದೆ ಆ ಕೆಲಸವನ್ನು ಬೀದಿಯ ಮೂಲೆಯ ಹೋಟೆಲು ಮಾಡುತ್ತಿತ್ತು. ಇಂದು ಅಂಗೈಯಲ್ಲಿರುವ ಮೊಬೈಲು ಮಾಡುತ್ತಿದೆ. ಎರಡಕ್ಕೂ ಶಿಷ್ಯನ ಹಿತದ ಹೊಣೆಯಿಲ್ಲ.

ಸಮಾಜದ ಕ್ಷೋಭೆಯನ್ನು ಮಕ್ಕಳಿಗೆ ಕಲಿಸಬೇಕೇ ಎಂಬ ಪ್ರಶ್ನೆಗೆ ಇಲ್ಲಿ ಅವಕಾಶವೇ ಇಲ್ಲ. ಅವರು ಅದನ್ನು ಕಲಿಯುತ್ತಲೇ ಇದ್ದಾರೆ. ಹೇಗೆ ಕಲಿಸಬೇಕು ಎಂಬುದೊಂದೇ ವಿಚಾರಾರ್ಹ. ಕ್ಷೋಭೆಯ ದಿನವನ್ನು ಮಾತ್ರ ಕಂಡ ಮಗು ಒಂದೋ ಅದಕ್ಕೆ ಮರುಳಾಗುತ್ತದೆ, ಇಲ್ಲವೇ ಅದಕ್ಕೆ ಹೆದರುತ್ತದೆ. ಅದರ ಪೂರ್ವಾಪರವನ್ನು ಕಂಡ ಮಗು ಮಾತ್ರವೇ ವಿವೇಕವನ್ನು ಪಡೆಯುತ್ತದೆ. ಈ ಲೇಖನದ ತಾತ್ಪರ್ಯವಿಷ್ಟೇ.

ನಮ್ಮ ಪರಿಸರವು ಇಂತಹ ಪಾಠಕ್ಕೆ ತಕ್ಕ ನೆಲ. 1809ರ ಸುಮಾರಿಗೆ ಇಂಗ್ಲಿಷರ ದಂಡು ಇಲ್ಲಿ ನೆಲೆಗೊಂಡಿತು. ದಂಡಿನ ಹಿಂದೆ ಸಿಪಾಯಿಗಳು, ಸರಕು ಪೂರೈಸುವ ವರ್ತಕರು, ಕುಶಲಕರ್ಮಿಗಳು, ಕೂಲಿಕಾರರು ಬಂದರು. ತಮಿಳು, ತೆಲುಗು, ಉರ್ದು ನುಡಿಗಳು ಅವರೊಡನೆ ಬಂದವು. ಕಂಟೋನ್ಮೆಂಟಿಗಿಂತ ಹಳೆಯದಾದ ಹಲಸೂರು ಅದರ ಮಗ್ಗುಲಲ್ಲೇ ಉಳಿಯಿತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ಈ ಭಾಗ ಇಂಗ್ಲಿಷರ ಆಡಳಿತದಲ್ಲಿಯೇ ಇತ್ತು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಒಂದೇ ನಗರಪಾಲಿಕೆಯಾಯಿತು. ಹೀಗೆ ಶತಮಾನಕ್ಕೂ ಮಿಗಿಲಾಗಿ ಎರಡಾಗಿದ್ದ ಊರು ಕಾಗದದ ಮೇಲೆ ಒಂದಾದದ್ದು ಬೇಗ. ಮನಸ್ಸಿನಲ್ಲಿ ಒಂದಾಗಲು ಕಾಲ ಬೇಕಾಯಿತು. ನಮ್ಮ ಬೆಂಚಿನ ಮೇಲೆ ಕುಳಿತ ನಾಲ್ಕು ಮಕ್ಕಳ ಮನೆಮಾತು ನಾಲ್ಕು ಬಗೆಯದಾಗಿರಬಹುದು. ಇಲ್ಲಿ ಒಂದು ಮಾತು ತಪ್ಪಿದರೆ ನೋಯುವವನು ಪಕ್ಕದಲ್ಲಿಯೇ ಕುಳಿತಿರುತ್ತಾನೆ.

ಹಳೆಯ ಪಾಠಕ್ರಮದಲ್ಲಿ ಪದ್ಯವೊಂದಕ್ಕೆ ವ್ಯಾಖ್ಯಾನ ಹೇಳುವಾಗ ಐದು ಅಂಗಗಳನ್ನು ಪಾಲಿಸುತ್ತಿದ್ದರು: ಪದಚ್ಛೇದ, ಪದಾರ್ಥ, ವಿಗ್ರಹ, ಅನ್ವಯ, ಕೊನೆಗೆ ಆಕ್ಷೇಪ ಮತ್ತು ಸಮಾಧಾನ. ಇವೆಲ್ಲ ಮುಗಿದ ಮೇಲೆಯೇ ತಾತ್ಪರ್ಯ. ಪದ ಬಿಡಿಸದೆ ತಾತ್ಪರ್ಯ ಹೇಳಲು ಹೊರಟ ಶಿಷ್ಯನನ್ನು ಗುರುಗಳು ಅಲ್ಲಿಯೇ ತಡೆಯುತ್ತಿದ್ದರು. ಬೀದಿಯ ಘಟನೆಯನ್ನು ಓದುವುದಕ್ಕೂ ಈ ಕ್ರಮವೇ ಸಾಕೆಂಬುದು ನನ್ನ ನಂಬಿಕೆ. ನಮ್ಮ ಸುತ್ತಲಿನ ಕೆಲವು ಘಟನೆಗಳಿಗೆ ಈ ಐದು ಅಂಗಗಳನ್ನು ಹಚ್ಚಿ ನೋಡೋಣ.

ಪದಚ್ಛೇದ

ಕೂಡಿಕೊಂಡಿರುವುದನ್ನು ಬೇರ್ಪಡಿಸಿ ನೋಡುವುದು ಪದಚ್ಛೇದ. ಮಕ್ಕಳ ನೆನಪಿಗೆ ಹತ್ತಿರವಾದದ್ದು 2020ರ ಆಗಸ್ಟ್ 11ರ ರಾತ್ರಿ. ಸಾಮಾಜಿಕ ಜಾಲತಾಣದಲ್ಲಿ ಬಂದ ಒಂದು ಬರಹದಿಂದ ಮುಸ್ಲಿಮರ ಧಾರ್ಮಿಕ ಭಾವನೆಗೆ ನೋವಾಯಿತೆಂದು ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಠಾಣೆಗಳ ಬಳಿ ಜನ ಸೇರಿದರು. ರಾತ್ರಿ ಬೆಳೆದಂತೆ ಶಾಸಕರೊಬ್ಬರ ಮನೆಗೂ ವಾಹನಗಳಿಗೂ ಬೆಂಕಿ ಬಿತ್ತು, ಠಾಣೆಗಳ ಮೇಲೆ ದಾಳಿಯಾಯಿತು, ಪೊಲೀಸರ ಗೋಲಿಬಾರಿನಲ್ಲಿ ಮೂವರು ಸತ್ತರು. ಇಷ್ಟನ್ನು ಮಕ್ಕಳು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹೇಳಿ, ಒಂದು ಬಡಾವಣೆಯ ಹೆಸರನ್ನೋ ಒಂದು ಸಮುದಾಯದ ಹೆಸರನ್ನೋ ಅದಕ್ಕೆ ಅಂಟಿಸುತ್ತಾರೆ.

ಇಲ್ಲಿ ಉಪಾಧ್ಯಾಯರು ಪದಗಳನ್ನು ಬಿಡಿಸಬೇಕು. ಮನಸ್ಸಿಗೆ ನೋವಾದುದು ಒಂದು. ದೂರು ಕೊಡಲು ಠಾಣೆಗೆ ಹೋದದ್ದು ಇನ್ನೊಂದು. ಅದು ಪ್ರಜೆಯ ಹಕ್ಕು. ಬೆಂಕಿ ಹಚ್ಚಿದ್ದು ಮೂರನೆಯದು, ಅದು ಅಪರಾಧ. ಮೊದಲನೆಯದರಿಂದ ಮೂರನೆಯದು ತಾನಾಗಿ ಹುಟ್ಟುವುದಿಲ್ಲ, ನಡುವೆ ಮನುಷ್ಯರು ಮಾಡಿದ ಆಯ್ಕೆಯಿದೆ. ನಾಲ್ಕನೆಯದೂ ಉಂಟು. ಅದೇ ರಾತ್ರಿ ಅದೇ ಬಡಾವಣೆಯಲ್ಲಿ ಮುಸ್ಲಿಂ ತರುಣರು ಆಂಜನೇಯನ ಗುಡಿಯೊಂದರ ಸುತ್ತ ಕೈಕೈ ಹಿಡಿದು ನಿಂತು ಅದನ್ನು ಕಾದರು. ಅವರ ಮನಸ್ಸಿಗೂ ನೋವಾಗಿರಬಹುದು. ಆದರೂ ಅವರು ಬೇರೆ ದಾರಿ ಹಿಡಿದರು. ಈ ನಾಲ್ಕು ಪದಗಳನ್ನೂ ಬೇರೆ ಬೇರೆ ಬರೆದು ತೋರಿಸಿದ ಮೇಲೆ, ‘ಆ ಕಡೆಯವರೆಲ್ಲ ಹಾಗೆಯೇ’ ಎಂಬ ವಾಕ್ಯವನ್ನು ಕಟ್ಟಲು ಮಗುವಿಗೆ ಸಾಧ್ಯವಾಗದು.

ಪದಾರ್ಥ

ಎರಡನೆಯದು ಪದಗಳ ಅರ್ಥ. ಪತ್ರಿಕೆಗಳಲ್ಲಿ ಗಲಭೆ, ದಂಗೆ, ಚಳವಳಿ, ಹೋರಾಟ, ಮುಷ್ಕರ, ಸತ್ಯಾಗ್ರಹ, ಕ್ರಾಂತಿ ಎಂಬ ಮಾತುಗಳು ಒಂದರ ಬದಲಿಗೆ ಒಂದು ಬಂದುಬಿಡುತ್ತವೆ. ಭಾಷೆಯ ಉಪಾಧ್ಯಾಯನು ಇದನ್ನು ಸಹಿಸಲಾಗದು. ಚಳವಳಿ ಎಂಬಲ್ಲಿ ಚಲನೆಯಿದೆ: ನಿಂತದ್ದನ್ನು ಕದಲಿಸುವುದು. ಹಳಗನ್ನಡದ ‘ಪೋರ್’ ಎಂಬ ಧಾತುವಿನಿಂದ ಬಂದ ಹೋರಾಟದಲ್ಲಿ ಎದುರಾಳಿಯಿದ್ದಾನೆ. ಮುಷ್ಕರ ಎಂದರೆ ಮೂಲದಲ್ಲಿ ಹಟ. ಕೆಲಸ ಮಾಡೆನೆಂದು ಕೂಡುವ ಹಟ. ಸತ್ಯಾಗ್ರಹವೆಂಬುದು ಗಾಂಧೀಜಿಯವರು ದಕ್ಷಿಣ ಆಫ್ರಿಕಾದಲ್ಲಿದ್ದಾಗ ರೂಪುಗೊಂಡ ಮಾತು. ಅಲ್ಲಿ ಆಗ್ರಹವು ಸತ್ಯದ್ದು, ವ್ಯಕ್ತಿಯದಲ್ಲ. ಕ್ರಾಂತಿಗೆ ‘ಕ್ರಮ್’ ಧಾತು ಮೂಲ: ಹೆಜ್ಜೆಯಿಡುವುದು, ದಾಟುವುದು. ಸಂಕ್ರಾಂತಿಯಲ್ಲಿರುವ ಕ್ರಾಂತಿಯೂ ಅದೇ. ಅದರಲ್ಲಿ ನೆತ್ತರಿನ ಅರ್ಥ ಎಲ್ಲಿಯೂ ಇಲ್ಲ.

ಒಂದು ಅಭ್ಯಾಸವನ್ನು ಸೂಚಿಸುವೆನು. ಯಾವುದಾದರೊಂದು ಘಟನೆಯ ವರದಿಯನ್ನು ಕರಿಹಲಗೆಯ ಮೇಲೆ ಬರೆದು, ಅದಕ್ಕೆ ಈ ಮಾತುಗಳಲ್ಲಿ ಯಾವುದು ಸಲ್ಲುವುದೆಂದು ಕೇಳಬೇಕು. ಏಕೆ ಸಲ್ಲುವುದೆಂದೂ ಹೇಳಿಸಬೇಕು. ಕೇಳಿಕೆಯಿಲ್ಲದ ಗುಂಪಿಗೆ ಚಳವಳಿ ಎಂಬ ಹೆಸರು ಸಲ್ಲುವುದೇ? ನ್ಯಾಯವಾದ ಕೇಳಿಕೆಯುಳ್ಳ ಮೆರವಣಿಗೆಯನ್ನು ಗಲಭೆಯೆಂದು ಕರೆದರೆ ಯಾರಿಗೆ ಅನುಕೂಲ? ಹೆಸರಿಡುವವನ ಕೈಯಲ್ಲಿ ಎಷ್ಟು ಅಧಿಕಾರವಿದೆಯೆಂಬುದು ಹತ್ತು ನಿಮಿಷಗಳಲ್ಲಿ ಮಕ್ಕಳಿಗೆ ತಿಳಿಯುತ್ತದೆ.

ವಿಗ್ರಹ

ಸಮಾಸವನ್ನು ಬಿಡಿಸುವುದು ವಿಗ್ರಹ. 1991ರ ಡಿಸೆಂಬರಿನಲ್ಲಿ ನಮ್ಮ ನಗರದಲ್ಲಿ ನಡೆದುದನ್ನು ‘ಕಾವೇರಿ ಗಲಭೆ’ ಎನ್ನುತ್ತೇವೆ. ಈ ಸಮಾಸವನ್ನು ಬಿಡಿಸಿದರೆ ಎರಡು ಸಂಬಂಧವಿಲ್ಲದ ಪದಗಳು ದೊರೆಯುತ್ತವೆ. ಕಾವೇರಿ ಎಂಬುದು ನೀರಿನ ಹಂಚಿಕೆಯ ವ್ಯಾಜ್ಯ. 1990ರಲ್ಲಿ ನ್ಯಾಯಮಂಡಳಿ ರಚಿತವಾಯಿತು, 1991ರ ಜೂನ್‌ನಲ್ಲಿ ಅದರ ಮಧ್ಯಂತರ ಆದೇಶ ಬಂದಿತು. ರೈತನ ಬೆಳೆ, ನಗರದ ಕುಡಿಯುವ ನೀರು ಎರಡೂ ಅದರಲ್ಲಿ ಸೇರಿದ್ದವು. ಆ ಕೇಳಿಕೆಯಲ್ಲಿ ಸತ್ತ್ವವಿತ್ತು. ಗಲಭೆಯೆಂಬುದು ಬೀದಿಯಲ್ಲಿ ನಡೆದದ್ದು: ತಮಿಳು ನುಡಿಯುವ ಕುಟುಂಬಗಳ ಮನೆಗಳ ಮೇಲೆ, ಅಂಗಡಿಗಳ ಮೇಲೆ ದಾಳಿ, ಗೋಲಿಬಾರು, ಕರ್ಫ್ಯೂ, ಊರು ಬಿಟ್ಟು ಹೋದ ಸಾವಿರಾರು ಜನ. ಹಲಸೂರಿನಲ್ಲಿ ತಲೆಮಾರುಗಳಿಂದ ಬಾಳಿದ ಒಬ್ಬ ಕೂಲಿಕಾರನ ಕೈಯಲ್ಲಿ ಕಾವೇರಿಯ ಯಾವ ತೂಬಿನ ಬೀಗದ ಕೈಯಿತ್ತು? ಈ ಪ್ರಶ್ನೆಯನ್ನು ಕೇಳಿಸಬೇಕು.

ಇನ್ನು ಪೂರ್ವಾಪರ. ವ್ಯಾಜ್ಯವು ನಿಲ್ಲಲಿಲ್ಲ. 2007ರಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ತಮಿಳುನಾಡಿಗೆ ಬಿಡಬೇಕಾದ ನೀರನ್ನು 192ರಿಂದ 177.25 ಟಿ.ಎಂ.ಸಿ.ಗೆ ಇಳಿಸಿತು, ಕರ್ನಾಟಕಕ್ಕೆ ಹೆಚ್ಚಾಗಿ ದೊರೆತ 14.75 ಟಿ.ಎಂ.ಸಿ.ಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದೇ ಸಂದಿತು. ಇದು ಅಂಕಿ ಅಂಶ ಕಲೆಹಾಕಿದ ಎಂಜಿನಿಯರುಗಳೂ ವಾದಿಸಿದ ವಕೀಲರೂ ವರ್ಷಗಟ್ಟಲೆ ದುಡಿದು ತಂದದ್ದು. ಸುಟ್ಟ ಅಂಗಡಿಯೊಂದರಿಂದ ಒಂದು ಕೊಡ ನೀರೂ ಬರಲಿಲ್ಲ.

ಇದೇ ಪಾಠದ ಇನ್ನೊಂದು ಮುಖವು ಹಲಸೂರು ಕೆರೆಯ ಬಳಿ ನಿಂತಿದೆ. ಅಲ್ಲಿಯ ತಿರುವಳ್ಳುವರ್ ಪ್ರತಿಮೆಯನ್ನು ಅದೇ 1991ರಲ್ಲಿ ಅನಾವರಣಗೊಳಿಸಬೇಕಾಗಿತ್ತು. ವಿರೋಧ ಬಂದು, ಪ್ರತಿಮೆಯು ಹದಿನೆಂಟು ವರ್ಷ ಮುಸುಕಿನಲ್ಲಿಯೇ ನಿಂತಿತು. ದಾರಿಯಲ್ಲಿ ಹೋಗುವ ಮಕ್ಕಳು ಅದೇನೆಂದು ಕೇಳುತ್ತಿದ್ದರು. ಹಿರಿಯರು ಮಾತು ಬದಲಿಸುತ್ತಿದ್ದರು. ಕೊನೆಗೆ ಎರಡು ರಾಜ್ಯಗಳೂ ಮಾತಾಡಿಕೊಂಡವು. 2009ರ ಆಗಸ್ಟ್ 9ರಂದು ಹಲಸೂರಿನಲ್ಲಿ ತಿರುವಳ್ಳುವರ್ ಮುಸುಕು ಸರಿಯಿತು. ನಾಲ್ಕು ದಿನಗಳ ಅನಂತರ, 13ರಂದು, ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ರಾಜಕೀಯದ ಲೆಕ್ಕಾಚಾರ ಎರಡೂ ಕಡೆ ಇದ್ದಿರಬಹುದು. ಆದರೂ ಒಬ್ಬ ತಮಿಳು ಕವಿಗೆ ಇಲ್ಲಿ, ಒಬ್ಬ ಕನ್ನಡ ಕವಿಗೆ ಅಲ್ಲಿ ನಿಲ್ಲಲು ಜಾಗ ದೊರೆತದ್ದು ಯಾರ ತಲೆಯನ್ನೂ ಒಡೆಯದೆ. ತಿರುಕ್ಕುರಳನ್ನು ಎಲ್. ಗುಂಡಪ್ಪನವರಂತಹ ವಿದ್ವಾಂಸರು ಕನ್ನಡಕ್ಕೆ ತಂದದ್ದು ಈ ಎಲ್ಲ ಜಗಳಕ್ಕಿಂತ ಎಷ್ಟೋ ಮುಂಚೆ ಎಂಬುದನ್ನೂ ಹೇಳಬೇಕು. ಗ್ರಂಥಾಲಯದಲ್ಲಿ ಅವರು ಬಹುಕಾಲದಿಂದ ನೆರೆಹೊರೆಯವರೇ ಆಗಿದ್ದರು. ಬೀದಿಗೆ ಮಾತ್ರ ಅದು ತಡವಾಗಿ ತಿಳಿಯಿತು.

ಅನ್ವಯ

ಕರ್ತೃ, ಕರ್ಮ, ಕ್ರಿಯೆಗಳನ್ನು ಹುಡುಕಿ ವಾಕ್ಯವನ್ನು ಸರಿಯಾಗಿ ಜೋಡಿಸುವುದು ಅನ್ವಯ. ಇದಕ್ಕೆ ನಮ್ಮ ಪೂರ್ವಭಾಗದ ದೊಡ್ಡ ಉದಾಹರಣೆ 1980-81ರ ಸಾರ್ವಜನಿಕ ಉದ್ಯಮಗಳ ಮುಷ್ಕರ. ಎಚ್.ಎ.ಎಲ್. 1940ರಲ್ಲಿ ಹುಟ್ಟಿತು, ಕೃಷ್ಣರಾಜಪುರದ ಮಗ್ಗುಲಿನ ಐ.ಟಿ.ಐ. 1948ರಲ್ಲಿ. ಟೆಲಿಫೋನು ತಯಾರಾಗುವ ಆ ಊರಿಗೆ ದೂರವಾಣಿನಗರವೆಂದು ಹೆಸರಾಯಿತು. ಕಾರ್ಖಾನೆಯೊಂದು ಕನ್ನಡಕ್ಕೆ ಒಂದು ಊರಿನ ಹೆಸರನ್ನೇ ಕೊಟ್ಟಿತು. ಈ ಶಾಲೆಯಂತಹ ಶಾಲೆಗಳಲ್ಲಿ ಓದಿದ ಎಷ್ಟೋ ತರುಣರಿಗೆ ಆ ಗೇಟಿನೊಳಗೆ ಕೆಲಸ ಸಿಕ್ಕಿತೆಂದರೆ ಮನೆಗೆ ದೀಪ ಹಚ್ಚಿದಂತೆ. ಐ.ಟಿ.ಐ.ಯಲ್ಲಿ ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿ ದುಡಿದರು.

1980ರ ಡಿಸೆಂಬರ್ ಕೊನೆಯಲ್ಲಿ ಈ ಎರಡರೊಡನೆ ಬಿ.ಇ.ಎಲ್., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಕಾರ್ಮಿಕರೂ ಸೇರಿ, ಸುಮಾರು ಒಂದೂಕಾಲು ಲಕ್ಷ ಜನ ಕೆಲಸ ನಿಲ್ಲಿಸಿದರು. ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನ ಅವರ ಮುಖ್ಯ ಬೇಡಿಕೆ. ಮುಷ್ಕರವು 77 ದಿನ ನಡೆಯಿತು. 1981ರ ಮಾರ್ಚಿನಲ್ಲಿ, ಮುಖ್ಯ ಬೇಡಿಕೆ ಈಡೇರದೆಯೇ, ಅವರು ಕೆಲಸಕ್ಕೆ ಮರಳಿದರು.

ಇಲ್ಲಿ ವಿದ್ಯಾರ್ಥಿಗಳಿಂದ ಅನ್ವಯ ಮಾಡಿಸಬೇಕು. ಕೇಳಿದವರು ಯಾರು? ಬೇರೆ ಬೇರೆ ಸಂಘಗಳಿಗೆ, ಪಕ್ಷಗಳಿಗೆ ಸೇರಿದವರು ಒಂದು ಜಂಟಿ ವೇದಿಕೆಯಲ್ಲಿ ಕೂಡಿದ್ದರು. ಅವರಲ್ಲಿ ಕನ್ನಡಿಗರು, ತಮಿಳರು, ಮಲೆಯಾಳಿಗಳು, ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ಇದ್ದರು. ಯಾರನ್ನು ಕೇಳಿದರು? ಬೇಡಿಕೆಯನ್ನು ಈಡೇರಿಸುವ ಶಕ್ತಿಯುಳ್ಳ ಆಡಳಿತವರ್ಗವನ್ನು, ಕೇಂದ್ರ ಸರ್ಕಾರವನ್ನು. ಬೆಲೆ ತೆತ್ತವರು ಯಾರು? ಮೊದಲಿಗೆ ತಾವೇ, ಎರಡೂವರೆ ತಿಂಗಳ ಸಂಬಳ ಬಿಟ್ಟು. ಅವರೊಡನೆ ಮನೆಯ ಹೆಂಗಸರು, ಮಕ್ಕಳು, ಸಾಲ ಕೊಟ್ಟ ದಿನಸಿ ಅಂಗಡಿಯವರು. ಬಿಡಿಭಾಗ ಪೂರೈಸುತ್ತಿದ್ದ ಸಣ್ಣ ಕೈಗಾರಿಕೆಗಳ ಕಾರ್ಮಿಕರು ಕೇಳಿಕೆಯಲ್ಲಿ ಪಾಲಿಲ್ಲದೆ ನಷ್ಟದಲ್ಲಿ ಪಾಲು ಪಡೆದರು. ಅವರನ್ನೂ ವಾಕ್ಯದಿಂದ ಬಿಡಬಾರದು. ಉಳಿದದ್ದೇನು? ಬೇಡಿಕೆ ದಕ್ಕಲಿಲ್ಲ. ಆದರೆ ಭಾಷೆ, ಮತ, ಪಕ್ಷಗಳಾಚೆ ಇಷ್ಟು ಜನ ಒಂದು ನ್ಯಾಯದ ಮಾತಿಗಾಗಿ ಇಷ್ಟು ದಿನ ಕೂಡಿ ನಿಂತಿದ್ದರೆಂಬುದು ಈ ಊರಿನ ಚರಿತ್ರೆಯಲ್ಲಿ ಉಳಿಯಿತು. ಮುಷ್ಕರ ಸರಿಯೋ ತಪ್ಪೋ ಎಂದು ಉಪಾಧ್ಯಾಯರು ಹೇಳಬೇಕಾಗಿಲ್ಲ. ಅನ್ವಯವು ಸರಿಯಾದರೆ ವಿದ್ಯಾರ್ಥಿಯು ತಾನೇ ತೂಗುವನು. 1991ರ ವಾಕ್ಯದಲ್ಲಿ ಬೆಲೆ ತೆತ್ತವರು ಯಾರೆಂಬುದನ್ನು ಇದರ ಪಕ್ಕದಲ್ಲಿ ಬರೆಸಿದರೆ, ಎರಡರ ಅಂತರವು ಬೋಧನೆಯಿಲ್ಲದೆಯೇ ಕಾಣುವುದು.

ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪವಿಲ್ಲದ ವ್ಯಾಖ್ಯಾನ ಅಪೂರ್ಣ. ಶಿಷ್ಯನು ಎದ್ದು ನಿಂತು ಹೀಗೆ ಕೇಳಬಹುದು: “ಗುರುಗಳೇ, ಶಾಂತಿಯಿಂದ ಕೇಳಿದವರು ಸೋತರು ಎಂದು ತಾವೇ ಹೇಳಿದಿರಿ. ಹಾಗಾದರೆ ಶಾಂತಿಯಿಂದ ಏನು ಪ್ರಯೋಜನ?” ಈ ಪ್ರಶ್ನೆಗೆ ಗದರಿಕೆಯು ಉತ್ತರವಾಗದು. ಮಠದ ಆಶ್ರಯದ ಶಾಲೆಯಲ್ಲಿ ನಾವು ಕಲ್ಯಾಣದ ಕಡೆಗೇ ಬೆರಳು ತೋರಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಆ ವರ್ಣಸಂಕರದ ಆಪಾದನೆಗಾಗಿ ತಂದೆಯರಿಬ್ಬರನ್ನೂ ಎಳೆಹೂಟೆ ಶಿಕ್ಷೆಗೆ ಗುರಿಮಾಡಿದರೆಂದೂ ಪರಂಪರೆಯು ಹೇಳುತ್ತದೆ. ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು, ಚನ್ನಬಸವಣ್ಣನವರೊಡನೆ ಒಂದು ತಂಡ ಉಳವಿಯತ್ತ ನಡೆಯಿತು. ಬಿಜ್ಜಳನ ಅಂತ್ಯದ ವಿಷಯದಲ್ಲಿ ವೀರಶೈವ ಪುರಾಣಗಳು ಒಂದು ಹೇಳಿದರೆ ಜೈನ ಕಾವ್ಯಗಳು ಇನ್ನೊಂದು ಹೇಳುತ್ತವೆ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ನಮ್ಮ ಗ್ರಂಥಗಳನ್ನೇ ಎದುರು ಪಕ್ಷದ ಗ್ರಂಥದೊಡನೆ ಇಟ್ಟು ಓದುವ ಧೈರ್ಯ ನಮಗಿದ್ದರೆ, ಇಂದಿನ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿರೆಂದು ಹೇಳುವ ಅಧಿಕಾರವೂ ಬರುತ್ತದೆ.

ಆ ದಿನವನ್ನು ಮಾತ್ರ ನೋಡಿದರೆ ಶರಣರು ಸೋತರು. ಪೂರ್ವವನ್ನು ನೋಡಿದರೆ, ಕಾಯಕ ಮಾಡುವವರೆಲ್ಲ ಸಮಾನರಾಗಿ ಕುಳಿತು ಮಾತಾಡಿದ ವರ್ಷಗಳಿವೆ. ಅಪರವನ್ನು ನೋಡಿದರೆ, ಓಲೆಗರಿಗಳಲ್ಲಿ ಅಡಗಿ ಬಂದ ಆ ಮಾತುಗಳನ್ನು ಫ.ಗು. ಹಳಕಟ್ಟಿಯವರು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವಾಗಿ ಅಚ್ಚು ಹಾಕಿಸಿದ್ದಿದೆ, ಜಾತಿ ಕೇಳದೆ ಅನ್ನವಿಕ್ಕುವ ಮಠಗಳ ಪ್ರಸಾದನಿಲಯಗಳಿವೆ. ಕಲ್ಯಾಣದ ಕ್ರಾಂತಿಯೆಂದರೆ ನೆತ್ತರು ಹರಿದ ದಿನವಲ್ಲ. ಒಂದು ಸಮಾಜವು ಹೊಸ್ತಿಲು ದಾಟಿದ ಹೆಜ್ಜೆ. ಆ ಹೆಜ್ಜೆ ಇನ್ನೂ ಪೂರ್ತಿಯಾಗಿಲ್ಲ. ಅಂತಹ ವಿವಾಹಕ್ಕಾಗಿ ಇಂದೂ ಜೀವ ತೆರುವವರಿದ್ದಾರೆಂದು ಪತ್ರಿಕೆಗಳು ಹೇಳುತ್ತಿರುವಾಗ, ಹರಳಯ್ಯನವರ ಕಥೆಯನ್ನು ಹಬ್ಬದ ಭಾಷಣಕ್ಕೆ ಮೀಸಲಿಡುವುದು ನಮಗೆ ಒಪ್ಪುವುದಿಲ್ಲ. ಇದೇ ಶಿಷ್ಯನಿಗೆ ಕೊಡಬಹುದಾದ ಸಮಾಧಾನ.

ಉಪಾಧ್ಯಾಯ ಮಿತ್ರರಿಗೆ ಕೆಲವು ಮಾತುಗಳು. ತೀರ್ಪನ್ನು ಮೊದಲು ಹೇಳಬೇಡಿರಿ. ತರಗತಿಯಲ್ಲಿ ಯಾವ ಮಗುವನ್ನೂ ಅದರ ಭಾಷೆಯ, ಮತದ, ಜಾತಿಯ ಪ್ರತಿನಿಧಿಯಾಗಿ ಎಬ್ಬಿಸಿ ನಿಲ್ಲಿಸಬೇಡಿರಿ. ‘ನಿಮ್ಮವರು ಹೀಗೇಕೆ ಮಾಡಿದರು’ ಎಂಬ ಒಂದು ಪ್ರಶ್ನೆ ವರ್ಷದ ಪಾಠವನ್ನೆಲ್ಲ ಕೆಡಿಸಬಲ್ಲುದು. ಮಕ್ಕಳನ್ನು ಯಾರದೇ ಮೆರವಣಿಗೆಗೆ ಕರೆದೊಯ್ಯಬೇಡಿರಿ. ತಿಳಿವಳಿಕೆಗೆ ಮುಂಚೆ ಘೋಷಣೆ ಕಲಿತವನು ಮುಂದೆ ಯಾರ ಘೋಷಣೆಯನ್ನಾದರೂ ಕೂಗುವನು. ಆದರೆ ಅನ್ಯಾಯವನ್ನು ಅನ್ಯಾಯವೆಂದು ಗುರುತಿಸಿದ ಮಗುವನ್ನು ಸುಮ್ಮನಿರಿಸಲೂ ಬೇಡಿರಿ. ಅರ್ಜಿ ಬರೆಯುವುದು, ಮಾಹಿತಿ ಹಕ್ಕಿನಲ್ಲಿ ಕೇಳುವುದು, ಸಭೆಯಲ್ಲಿ ಎದುರು ಮಾತನ್ನು ತಾಳ್ಮೆಯಿಂದ ಕೇಳಿ ಉತ್ತರಿಸುವುದು, ಇವು ಪ್ರಬಂಧರಚನೆಯ ಪಾಠದಲ್ಲಿಯೇ ಸೇರಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ 77 ದಿನ ಗೇಟಿನ ಹೊರಗೆ ನಿಂತವರಿರಬಹುದು. ಗೇಟಿನೊಳಗೆ ಆಡಳಿತದಲ್ಲಿ ಕುಳಿತವರಿರಬಹುದು. 1991ರಲ್ಲಿ ನೆರೆಮನೆಯವರನ್ನು ತಮ್ಮ ಮನೆಯಲ್ಲಿ ಮಲಗಿಸಿಕೊಂಡವರೂ ಇರಬಹುದು. ಬಂದು ಮಕ್ಕಳೊಡನೆ ಒಂದು ತಾಸು ಮಾತಾಡಿರಿ. ಇಬ್ಬರು ಬೇರೆ ಬೇರೆ ಮಾತು ಹೇಳಿದರೆ ಪಾಠಕ್ಕೆ ಇನ್ನೂ ಒಳ್ಳೆಯದು. ದಾನಿಗಳಲ್ಲಿ ಇನ್ನೊಂದು ಬಿನ್ನಹ. ಕಟ್ಟಡಕ್ಕೆ ಕಲ್ಲು ಕೊಟ್ಟಿರಿ, ಅನ್ನಕ್ಕೆ ಅಕ್ಕಿ ಕೊಟ್ಟಿರಿ. ಗ್ರಂಥಾಲಯಕ್ಕೆ ಹಳೆಯ ಪತ್ರಿಕೆಗಳ ಸಂಪುಟಗಳನ್ನೂ ಇಂದಿನ ಎರಡು ಮೂರು ಭಾಷೆಗಳ ಪತ್ರಿಕೆಗಳನ್ನೂ ಒದಗಿಸಿಕೊಡಿರಿ. ನಮ್ಮ ಮಕ್ಕಳ ಮನೆಮಾತುಗಳಲ್ಲಿ ಒಂದೇ ದಿನದ ಸುದ್ದಿ ಹೇಗೆ ಹೇಗೆ ಬಂದಿದೆಯೆಂದು ಅವರು ಒಬ್ಬರಿಗೊಬ್ಬರು ಓದಿ ಹೇಳಲಿ.

ಮುಂದೊಂದು ದಿನ ಮತ್ತೆ ಬಂದ್ ಬರುತ್ತದೆ, ಮತ್ತೆ ಶಾಲೆಗೆ ರಜೆ ಕೊಡುತ್ತಾರೆ. ಆ ದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೀದಿಯಲ್ಲಿರಬಹುದು, ಠಾಣೆಯಲ್ಲಿರಬಹುದು, ಪತ್ರಿಕಾಲಯದಲ್ಲಿರಬಹುದು, ನ್ಯಾಯಾಲಯದಲ್ಲಿರಬಹುದು. ಅವನು ಎಲ್ಲಿದ್ದರೂ ಕೈಯೆತ್ತುವ ಮುನ್ನ, ಬರೆಯುವ ಮುನ್ನ, ತೀರ್ಪು ಕೊಡುವ ಮುನ್ನ ಒಂದು ಕ್ಷಣ ನಿಂತು, ಪದವನ್ನು ಬಿಡಿಸಿ ನೋಡಿದನಾದರೆ ನಾವು ಹೇಳಿದ ವ್ಯಾಕರಣ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.